‘ನಾಲ್ಕು’ ಅಂದರೆ ಎಷ್ಟು ವಾರ? ಮೊದಲು ಅದನ್ನು ಕೇಳಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಹುಬ್ಬಳ್ಳಿ ನವನಗರದಲ್ಲಿ ಮನೆ, ಧಾರವಾಡದಲ್ಲಿ ಕೆಲಸ, ತವರು ಗದಗ. ಇದು ಮೊದಲ ಬಸಿರು, ಈಗ 15 ವಾರ. 12ನೇ ವಾರದ ಸ್ಕ್ಯಾನ್‌ನಲ್ಲಿ ಎಲ್ಲಾ ಸರಿ ಇದೆ ಅಂದಿದ್ದರು. ಆದರೆ ಹಗಲೂ ರಾತ್ರಿ ಕಾಡುತ್ತಿದ್ದ ವಾಂತಿ ಎರಡು ವಾರದ ಹಿಂದೆ ಒಮ್ಮೆಲೇ ನಿಂತುಹೋಯಿತು. ಖುಷಿಪಡಬೇಕಿತ್ತು, ನನಗೆ ಹೆದರಿಕೆ ಆಗಿದೆ. ಹೊಟ್ಟೆಯೂ ಕಾಣುತ್ತಿಲ್ಲ. ಇದೇ ಮನೆಯಲ್ಲಿ ನನ್ನ ನೆಗೆಣ್ಣಿಗೆ 17 ವಾರ, ಅವಳಿಗೆ ಎರಡನೆಯದು. ಅವಳ ಹೊಟ್ಟೆ ಆಗಲೇ ಎದ್ದು ಕಾಣುತ್ತದೆ, ಕೂಸು ಮಿಸುಕಾಡುತ್ತದೆ ಅಂತಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಸಿಗುವವರದು ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬರಿಗೆ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದಾರೆ, ನನಗೆ ಬರೀ ಕಬ್ಬಿಣ, ಕ್ಯಾಲ್ಸಿಯಂ. ಅತ್ತೆ ‘ಐದು ತುಂಬೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ಕಣ್ಣು ಬೀಳತೈತಿ’ ಅಂತಾರೆ. ಮಾತಾಡದಿದ್ದರೆ ತಲೆ ಕೆಡುತ್ತದೆ, ಮಾತಾಡಿದರೆ ಇನ್ನೂ ಕೆಡುತ್ತದೆ. ಬೇರೆ ಬಸುರಿಯರ ಜೊತೆ ನಮ್ಮ ಅನುಭವ ಹೇಳಿಕೊಳ್ಳುವುದು ಒಳ್ಳೆಯದಾ, ಕೆಟ್ಟದ್ದಾ? ಇನ್ನೊಂದು ಸಣ್ಣ ಪ್ರಶ್ನೆ: ದಿನಾ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ನಿಂತು ಹೋಗಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಒಂದು ಸಣ್ಣ ವಿಷಯ. ‘15 ವಾರ’ ಅಂತ ಬರೆದಿದ್ದೀರಿ, ‘ನಾಲ್ಕು ತಿಂಗಳು’ ಅಂತ ಬರೆದಿಲ್ಲ. 22 ವರ್ಷಗಳಿಂದ ಧಾರವಾಡದಲ್ಲಿ ಹೆರಿಗೆ ಮಾಡಿಸುತ್ತಿದ್ದೇನೆ. ಬಸುರಿಯರು ಒಬ್ಬರನ್ನೊಬ್ಬರು ನೋಡಿ ಹೆದರುವುದರಲ್ಲಿ ಅರ್ಧ ಈ ‘ನಾಲ್ಕು’ ಅನ್ನುವ ಮಾತಿನಿಂದಲೇ ಹುಟ್ಟುತ್ತದೆ ಅಂತ ನನಗೆ ಅನಿಸಿದೆ.

ಯಾಕೆ ಅಂದರೆ, ಒಬ್ಬಳು ‘ನಾಕರಾಗ ಬಿದ್ದೈತ್ರಿ’ ಅಂತಾಳೆ. ಅಂದರೆ ಮೂರು ಮುಗಿದು ಈಗಷ್ಟೇ ನಾಲ್ಕು ಶುರು, ಸುಮಾರು 13 ವಾರ. ಪಕ್ಕದವಳು ‘ನಾಕು ತುಂಬ್ಯಾವ್ರಿ’ ಅಂತಾಳೆ. ಅವಳಿಗೆ 18 ಆಗಿರಬಹುದು, 20 ದಾಟಿ 21ರ ಹತ್ತಿರವೂ ಇರಬಹುದು. ಇಬ್ಬರ ಬಾಯಲ್ಲೂ ನಾಲ್ಕೇ. ಆದರೆ ನಡುವೆ ಐದರಿಂದ ಎಂಟು ವಾರದ ಅಂತರ. ಹಿರಿಯರು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದರೆ ಲೆಕ್ಕ ಇನ್ನೊಂಚೂರು ಸರಿಯುತ್ತದೆ. ನಾವು ಡಾಕ್ಟರುಗಳು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸುತ್ತೇವೆ, ಒಟ್ಟು 40 ವಾರ, 280 ದಿನ. ಹಾಗಾಗಿ ಬೆಂಚಿನ ಮೇಲೆ ಯಾರಾದರೂ ‘ನನಗೆ ಹಿಂಗಾತು’ ಅಂದರೆ ಮೊದಲು ಎರಡು ಪ್ರಶ್ನೆ ಕೇಳಿ. ಎಷ್ಟನೇ ವಾರ? ಎಷ್ಟನೇ ಬಸಿರು? ಈ ಎರಡು ಗೊತ್ತಿಲ್ಲದ ಅನುಭವ ಅರ್ಧ ಅನುಭವ ಮಾತ್ರ.

ಈಗ ನಿಮ್ಮ ವಾಂತಿಗೆ ಬರೋಣ. ಎಚ್‌ಸಿಜಿ ಅನ್ನುವ ಹಾರ್ಮೋನು 8ರಿಂದ 11ನೇ ವಾರದ ಹೊತ್ತಿಗೆ ಏರಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ವಾಂತಿಯೂ ಹೆಚ್ಚುಕಡಿಮೆ ಅದರ ಹಿಂದೆಯೇ ಇಳಿಯುತ್ತದೆ. ಬಹಳ ಜನರಿಗೆ 12ರಿಂದ 16 ವಾರದೊಳಗೆ ನಿಲ್ಲುತ್ತದೆ. ನಿಮ್ಮದು 13ಕ್ಕೆ ನಿಂತಿದೆ. ಕೆಲವರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ, ಕೆಲವರಿಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲವೇ ಇಲ್ಲ. ಈ ಹೊತ್ತಿಗೆ ಮಾಸು (ಪ್ಲಾಸೆಂಟಾ) ತನ್ನ ಕೆಲಸವನ್ನು ಪೂರ್ತಿ ವಹಿಸಿಕೊಂಡಿರುತ್ತದೆ. 12ರ ಸ್ಕ್ಯಾನ್ ಚೆನ್ನಾಗಿದ್ದು, ರಕ್ತ ಕಾಣಿಸದೆ, ನೋವಿಲ್ಲದೆ ವಾಂತಿ ನಿಂತಿದ್ದರೆ ಅದು ಸುಮ್ನೆ ನಿಂತಿದೆ, ಅಷ್ಟೇ. 13ನೇ ವಾರದ ನಂತರ ಬಸಿರು ಇಳಿಯುವುದು ನೂರಕ್ಕೆ ಒಂದೆರಡು ಮಾತ್ರ. ಆದರೂ ಮನಸ್ಸು ಕೇಳುವುದಿಲ್ಲ ಅಂದರೆ ಮುಂದಿನ ತಪಾಸಣೆಯಲ್ಲಿ ಡಾಪ್ಲರ್ ಹಚ್ಚಿ ಎದೆಬಡಿತ ಕೇಳಿಸಿ ಅಂತ ಬಾಯಿಬಿಟ್ಟು ಕೇಳಿ. ನಿಮಿಷಕ್ಕೆ 110ರಿಂದ 160 ಸಲ ಓಡುವ ಆ ಸದ್ದು ಕೇಳಿದ ಮೇಲೆ ನನ್ನ ಯಾವ ಮಾತೂ ಬೇಕಾಗುವುದಿಲ್ಲ. ಆ ಯಂತ್ರ ಕೊಂಡು ಮನೆಗೆ ಮಾತ್ರ ತರಬೇಡಿ. ಕೂಸಿನ ಬಡಿತ ಸಿಗದೆ, ನಿಮ್ಮದೇ ರಕ್ತನಾಳದ ಸದ್ದು ಕೇಳಿ, ರಾತ್ರಿ ಹನ್ನೊಂದಕ್ಕೆ ಅಳುತ್ತಾ ಆಸ್ಪತ್ರೆಗೆ ಬಂದವರನ್ನು ನೋಡಿದ್ದೇನೆ.

ಹೊಟ್ಟೆ ಕಾಣದಿರುವುದಕ್ಕೆ ಉತ್ತರ ಇನ್ನೂ ಸರಳ. ಗರ್ಭಕೋಶ 12ನೇ ವಾರದಲ್ಲಿ ಹೊಟ್ಟೆಯ ಕೆಳಗಿನ ಮೂಳೆಯಿಂದ ಈಗಷ್ಟೇ ತಲೆ ಎತ್ತಿರುತ್ತದೆ. 16ಕ್ಕೆ ಆ ಮೂಳೆಗೂ ಹೊಕ್ಕುಳಿಗೂ ನಡುಮಧ್ಯ, 20ಕ್ಕೆ ಹೊಕ್ಕುಳ ಹತ್ತಿರ. ಅಂದರೆ ನಿಮ್ಮದು ಈಗ ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಕೆಳಗೇ ಇದೆ. ಮೊದಲ ಬಸಿರಿನಲ್ಲಿ ಹೊಟ್ಟೆಯ ಸ್ನಾಯು ಬಿಗಿ, ಒಳಗಿದ್ದದ್ದನ್ನು ಒಳಗೇ ಹಿಡಿದಿರುತ್ತದೆ. ನಿಮ್ಮ ನೆಗೆಣ್ಣಿಯದು ಒಮ್ಮೆ ಹಿಗ್ಗಿ ಬಂದ ಹೊಟ್ಟೆ. ಬೇಗ ಕಾಣುತ್ತದೆ, ಅದರಲ್ಲೇನೂ ವಿಶೇಷವಿಲ್ಲ.

ಮಿಸುಕಾಟದ್ದೂ ಹಾಗೇ. ಎರಡನೇ ಸಲದವರಿಗೆ 16 ವಾರಕ್ಕೇ ಗೊತ್ತಾಗಬಹುದು. ಮೊದಲ ಸಲದವರಿಗೆ 18ರಿಂದ 20. ಮಾಸು ಗರ್ಭಕೋಶದ ಮುಂಗೋಡೆಗೆ ಅಂಟಿದ್ದರೆ ಅದು ದಿಂಬಿನಂತೆ ನಡುವೆ ಕೂತು ಇನ್ನಷ್ಟು ತಡವಾಗುತ್ತದೆ. 24 ವಾರವಾದರೂ ಏನೂ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮ ಕೂಸು ಈಗ ನೆತ್ತಿಯಿಂದ ಕುಂಡಿಯವರೆಗೆ ಸುಮಾರು 10 ಸೆಂಟಿಮೀಟರ್. ಕೈಕಾಲು ಆಡಿಸುತ್ತಲೇ ಇದೆ. ಆದರೆ ಅದರ ಒದೆತ ನೀರಿನೊಳಗೇ ಮುಗಿದುಹೋಗುತ್ತದೆ, ಹೊಟ್ಟೆಯ ಗೋಡೆ ಮುಟ್ಟುವುದಿಲ್ಲ.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ಮೊದಲ ಮಿಸುಕಾಟ ಹೇಗಿರುತ್ತದೆ ಅಂತ ನನ್ನ ಪುಸ್ತಕಗಳು ಕಲಿಸಿದ್ದು ಬಹಳ ಕಡಿಮೆ. ಕಲಿಸಿದವರು ಬಸುರಿಯರು. ಕುಂದಗೋಳ ಕಡೆಯ ಒಬ್ಬಾಕೆ ‘ಕಣ್ಣರೆಪ್ಪಿ ಅದುರಿದಂಗ, ಆದ್ರ ಹೊಟ್ಯಾಗ’ ಅಂದಳು. ಇನ್ನೊಬ್ಬಳು ಪಂಚಮಿ ಹಬ್ಬಕ್ಕೆ ತವರಿಗೆ ಹೋಗಿ ಬಂದವಳು, ‘ಅಳ್ಳು ಹುರಿಯೋವಾಗ ಮುಚ್ಚಿದ ತಾಟಿನ ಕೆಳಗ ಒಂದೇ ಒಂದು ಕಾಳು ಟಪ್ ಅಂತೈತಲ್ರಿ, ಹಂಗ’ ಅಂದಳು. ಅಂದಿನಿಂದ ಮೊದಲ ಬಸಿರಿನವರಿಗೆ ನಾನು ಅಳ್ಳಿನ ಮಾತನ್ನೇ ಹೇಳುತ್ತೇನೆ. ಎಲ್ಲರೂ ವಾಯು ಅಂದುಕೊಂಡು ಬಿಟ್ಟುಬಿಡುವ ಗುಳುಗುಳು ಅದೇ. ನಿಮ್ಮ ನೆಗೆಣ್ಣಿಯನ್ನು ‘ನಿನಗೆ ಆಯಿತಾ, ನನಗೆ ಯಾಕಿಲ್ಲ’ ಅಂತ ಕೇಳಬೇಡಿ. ‘ಹೇಗಿತ್ತು?’ ಅಂತ ಕೇಳಿ. ನಾಲ್ಕೈದು ವಾರದಲ್ಲಿ ನಿಮಗದು ಬೇಕಾಗುತ್ತದೆ.

ಹಾಗಾದರೆ ಹೇಳಿಕೊಳ್ಳುವುದು ಒಳ್ಳೆಯದೇ? ನನ್ನ ಮಟ್ಟಿಗೆ ಹೌದು. ಯಾಕೆ ಅನ್ನುವುದಕ್ಕೆ ನನ್ನದೇ ತಪ್ಪಿನ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಒಂದು ಸೋಮವಾರ. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು. ಕಲಘಟಗಿ ಕಡೆಯ ಒಬ್ಬ ಹುಡುಗಿ, 16 ವಾರ. ಬಿಪಿ ನೋಡಿದೆ, ತೂಕ ನೋಡಿದೆ, ‘ಏನಾದ್ರೂ ತೊಂದರೆ ಐತೇನು?’ ಅಂತ ಕಾರ್ಡಿನಲ್ಲಿ ಬರೆಯುತ್ತಲೇ ಕೇಳಿದೆ. ಮುಖ ಎತ್ತಿ ನೋಡಲಿಲ್ಲ. ಅವಳು ‘ಏನಿಲ್ರಿ’ ಅಂದಳು. ಬಾಗಿಲ ತನಕ ಹೋಗಿದ್ದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಬಸುರಿ ಅಲ್ಲಿಂದಲೇ ಕೂಗಿದಳು: ‘ಏ ಹೇಳವಾ, ಉರಿ ಅಂತಿದ್ದೆಲ್ಲ! ನನಗೂ ಹಂಗ ಆಗಿತ್ತು, ಗುಳಿಗಿ ಕೊಟ್ರ ಕಡಿಮಿ ಆತು.’ ಹುಡುಗಿ ತಲೆ ತಗ್ಗಿಸಿ ವಾಪಸ್ ಬಂದಳು. ಎಂಟು ದಿನದಿಂದ ಉಚ್ಚೆ ಹೊಯ್ಯುವಾಗ ಉರಿ. ಮನೆಯಲ್ಲಿ ‘ಉಷ್ಣ ಆಗೈತಿ’ ಅಂತ ಎಳನೀರು, ಜೀರಿಗೆ ನೀರು ಕುಡಿಸಿದ್ದರು. ಪರೀಕ್ಷೆ ಮಾಡಿಸಿದರೆ ಸೋಂಕು. ಬಸಿರಿನಲ್ಲಿ ಅದನ್ನು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆ ನೋವು ಬರುವ ಸಾಧ್ಯತೆಯೂ ಜಾಸ್ತಿ. ನಾನು ಹಿಡಿಯಬೇಕಾದದ್ದನ್ನು ಆ ಬೆಂಚು ಹಿಡಿಯಿತು. ಆವತ್ತಿನಿಂದ ಪೆನ್ನು ಕೆಳಗಿಟ್ಟೇ ಆ ಪ್ರಶ್ನೆ ಕೇಳುತ್ತೇನೆ.

ಡಾಕ್ಟರ ಮುಂದೆ ಬಾಯಿಗೆ ಬರದ ಮಾತುಗಳು ಬಹಳ ಇರುತ್ತವೆ. ಬಳಪ ತಿನ್ನುವುದು ಅದರಲ್ಲಿ ಒಂದು. ಬಳಪ, ಒಲೆಯ ಮಣ್ಣು, ಹಸಿ ಅಕ್ಕಿ, ಮೊದಲ ಮಳೆಗೆ ನೆಂದ ಗೋಡೆಯ ವಾಸನೆ. ಕೇಳಿದರೆ ‘ಛೇ, ಇಲ್ರಿ ಮೇಡಂ’ ಅಂತಾರೆ. ಆದರೆ ಗೆಳತಿಗೆ ಮಾತ್ರ ಬಳಪದ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ಹೇಳಿರುತ್ತಾರೆ! ಬಹಳ ಸಲ ಅದು ಮೈಯಲ್ಲಿ ಕಬ್ಬಿಣ ಕಡಿಮೆಯಾದ ಗುರುತು. ಬಯಕೆ ಅಂತ ನಕ್ಕು ಬಿಡಬೇಡಿ, ಹಿಮೋಗ್ಲೋಬಿನ್ ನೋಡಿಸಿ. ಬಿಳಿ ಸೆರಗೂ ಅಂಥದ್ದೇ. ಈಗ ಅದು ಜಾಸ್ತಿ ಆಗುವುದು ಸಹಜ. ತೆಳ್ಳಗೆ, ಬಿಳಿ, ವಾಸನೆ ಇಲ್ಲದಿದ್ದರೆ ಚಿಂತೆ ಬೇಡ. ತುರಿಕೆ, ಮೊಸರು ಒಡೆದಂಥ ಸೆರಗು, ಹಸಿರು ಬಣ್ಣ, ಕೆಟ್ಟ ವಾಸನೆ ಇದ್ದರೆ ತೋರಿಸಿ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಮೂಗು ಕಟ್ಟುವುದು, ಹೊಕ್ಕುಳ ಕೆಳಗೆ ಕಪ್ಪು ಗೆರೆ, ಥಟ್ಟನೆ ಎದ್ದಾಗ ತೊಡೆಸಂದಿಯಲ್ಲಿ ಚುಳುಕ್ ಅನ್ನುವ ನೋವು, ಇವೆಲ್ಲ ಈ ತಿಂಗಳುಗಳ ಸಾಮಾನ್ಯ ಕಿರಿಕಿರಿ. ಗಂಡನ ಜೊತೆ ಮಲಗಬಹುದಾ ಅನ್ನುವುದನ್ನೂ ಗುಸುಗುಸು ಕೇಳಿಕೊಳ್ಳುತ್ತೀರಿ, ನನಗೆ ಗೊತ್ತು. ರಕ್ತ ಹೋಗುತ್ತಿಲ್ಲ, ಡಾಕ್ಟರು ಬೇಡ ಅಂದಿಲ್ಲ ಅಂದರೆ ಆಗಬಹುದು.

ಆದರೆ ಮಾತ್ರೆ ಹಂಚಿಕೊಳ್ಳುವ ವಸ್ತುವಲ್ಲ. ಅನುಭವ ಹಂಚಿಕೊಳ್ಳಿ, ಚೀಟಿ ಹಂಚಿಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಬೆಂಚಿನ ಗೆಳತಿಗೆ ಕೊಟ್ಟಿರುವ ‘ರಕ್ತ ತೆಳುವಾಗುವ ಮಾತ್ರೆ’ ಬಹುಶಃ ಕಡಿಮೆ ಪ್ರಮಾಣದ ಆಸ್ಪಿರಿನ್. ಹಿಂದಿನ ಬಸಿರಿನಲ್ಲಿ ಬಿಪಿ ಏರಿದ್ದವರಿಗೆ, ಮೊದಲೇ ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದವರಿಗೆ, ಅವಳಿಜವಳಿ ಇದ್ದವರಿಗೆ, ಮುಂದೆ ಬಿಪಿ ಏರದಿರಲಿ ಅಂತ 12ರಿಂದ 16ನೇ ವಾರದೊಳಗೆ ಅದನ್ನು ಶುರು ಮಾಡುತ್ತೇವೆ. ಅಂಥ ಕಾರಣ ಇಲ್ಲದವರಿಗೆ ಅದು ಬೇಡ. ನಿಮಗೆ ಕೊಟ್ಟಿಲ್ಲ ಅಂದರೆ ನಿಮ್ಮ ಡಾಕ್ಟರು ಮರೆತಿದ್ದಾರೆ ಅಂತಲ್ಲ. ಅನುಮಾನ ಇದ್ದರೆ ಅವರನ್ನೇ ‘ನನಗೆ ಬೇಕಾ?’ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ.

‘ಬರೀ ಕಬ್ಬಿಣ’ ಅಂದಿರಲ್ಲ, ಆ ‘ಬರೀ’ ನನಗೆ ಸ್ವಲ್ಪ ಚುಚ್ಚಿತು. ಹಾವೇರಿ ಕಡೆಯ ಒಬ್ಬಾಕೆ ನನ್ನ ಹತ್ತಿರ ನಾಲ್ಕನೇ ತಿಂಗಳಲ್ಲಿ ಬಂದಾಗ ಹಿಮೋಗ್ಲೋಬಿನ್ 10.8. ಆರು ತುಂಬಿ ಬಂದಾಗ 8.6. ಮಾತ್ರೆ ನುಂಗುತ್ತಿದ್ದೀಯಾ ಅಂದರೆ ಹ್ಞೂಂ ಅಂತಾಳೆ. ಕೊನೆಗೆ ಅವರ ತಾಯಿ ಬಾಯಿಬಿಟ್ಟರು. ಜೊತೆಯ ಬಸುರಿ ಒಬ್ಬಳು ‘ಆ ಗುಳಿಗಿ ತಿಂದ್ರ ಸಂಡಾಸ ಕರ್ರಗ ಆಗತೈತಿ, ಕೂಸೂ ಕರ್ರಗ ಹುಟ್ಟತೈತಿ’ ಅಂದಿದ್ದಳಂತೆ. ಮಾತ್ರೆಗಳೆಲ್ಲ ಮಲ್ಲಿಗೆ ಕುಂಡದ ಮಣ್ಣಿನಲ್ಲಿ ಸೇರಿದ್ದವು. ಮಲ ಕಪ್ಪಾಗುವುದು ನಿಜ, ಮೈಗೆ ಹತ್ತದ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು. ಕೂಸಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲ್ಲ. ಕೇಸರಿ ಹಾಲಿನಿಂದಲೂ ಅಲ್ಲ.

ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಪ್ರಮಾಣ ಹೆಚ್ಚಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡು ತಾಸಿನ ಅಂತರ ಇರಲಿ. ಚಾ ಕೂಡ ಅಡ್ಡವೇ. ನಮ್ಮ ಕಡೆ ಊಟ ಮುಗಿದ ಕೂಡಲೇ ಅರ್ಧ ಕಪ್ ಚಾ ಬೇಕೇ ಬೇಕು, ಅಲ್ವಾ? ಅದನ್ನು ಒಂದು ತಾಸು ಮುಂದಕ್ಕೆ ಹಾಕಿ. ಮಾತ್ರೆಯನ್ನು ಲಿಂಬೆ ಶರಬತ್ತಿನ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಊಟದ ವಿಷಯಕ್ಕೆ ಈ ಸೀಮೆಯವರಿಗೆ ನಾನು ಜಾಸ್ತಿ ಕಲಿಸಬೇಕಿಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ, ಮೊಸರು. ಇಬ್ಬರ ಊಟ ಉಣ್ಣು ಅಂತಾರಲ್ಲ, ಅಷ್ಟೆಲ್ಲ ಬೇಡ. ದಿನಕ್ಕೆ 350 ಕ್ಯಾಲೊರಿ ಹೆಚ್ಚು ಸಾಕು. ಒಂದು ರೊಟ್ಟಿ, ಒಂದು ಬಟ್ಟಲು ಕಾಳು, ಒಂದು ಲೋಟ ಹಾಲು ಜಾಸ್ತಿ ಅಂದುಕೊಳ್ಳಿ.

ಇನ್ನು ಹೆದರಿಸುವ ಕಥೆಗಳು. ‘ನಾ ಎರಡು ದಿನ ಬ್ಯಾನಿ ತಿಂದಿದ್ದೆ, ಕಡೀಗೆ ಕೊಯ್ದು ತಗದ್ರು’ ಅಂತ ಹೆತ್ತು ಹತ್ತು ವರ್ಷವಾದವರು ಬಸುರಿಯರ ಮುಂದೆ ಹರಡಿ ಕೂರುತ್ತಾರೆ. ಪಾಪ, ಅವರ ಕಥೆಯನ್ನು ಆಗ ಯಾರೂ ಕೇಳಿರುವುದಿಲ್ಲ. ಆದರೆ ನೀವು ಕೇಳಲೇಬೇಕು ಅಂತಿಲ್ಲ. ‘ಅಕ್ಕಾರ, ನನ್ನ ಹೆರಿಗಿ ಆದಮ್ಯಾಗ ಕುಂತು ಕೇಳ್ತೀನಿ’ ಅನ್ನಿ. ಯಾರಿಗೂ ಸಿಟ್ಟು ಬರುವುದಿಲ್ಲ. ಹೊಟ್ಟೆ ಚೂಪಾಗಿದೆ, ಅಗಲವಾಗಿದೆ, ಹುಳಿ ಸೇರುತ್ತದೆ, ಹಾಗಾಗಿ ಗಂಡು, ಹೆಣ್ಣು ಅನ್ನುವ ಲೆಕ್ಕ ಬಂದರೆ ಮಾತು ಬದಲಿಸಿ. ಅದರಲ್ಲಿ ಹುರುಳಿಲ್ಲ. ಸ್ಕ್ಯಾನ್ ಮಾಡಿ ಹೇಳುವುದು, ಹೇಳಿ ಅಂತ ಕೇಳುವುದು, ಎರಡೂ 1994ರ ಕಾಯ್ದೆಯಂತೆ ಅಪರಾಧ.

ಒಂದು ಕಷ್ಟದ ಮಾತು. ಜೊತೆಯವರಲ್ಲಿ ಯಾರದಾದರೂ ಬಸಿರು ಇಳಿದರೆ ಉಳಿದವರಿಗೆ ಏನು ಹೇಳಬೇಕು ತಿಳಿಯದೆ ದೂರ ಸರಿಯುತ್ತಾರೆ. ‘ಇನ್ನೊಂದು ಆಗತೈತಿ ಬಿಡು’ ಅನ್ನಬೇಡಿ. ‘ಕೇಳಿ ಬಹಳ ಬ್ಯಾಸರ ಆತು’ ಅಂದರೆ ಸಾಕು. ನಿಮ್ಮ ಸುದ್ದಿಗಳನ್ನು ಅವಳಿಗೆ ಹೇಳಬೇಕೋ ಬೇಡವೋ ಅಂತ ಅವಳನ್ನೇ ಕೇಳಿ.

ನಿಮ್ಮ ಅತ್ತೆಯ ಮಾತನ್ನು ನಾನು ಮೂಢನಂಬಿಕೆ ಅಂತ ತಳ್ಳಿಹಾಕುವುದಿಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಇಳಿಯುತ್ತವೆ, ಹೆಚ್ಚಿನವು 12 ವಾರದೊಳಗೇ. ಊರಿಗೆಲ್ಲ ಹೇಳಿ ಆಮೇಲೆ ಪ್ರತಿಯೊಬ್ಬರಿಗೂ ಆ ಸುದ್ದಿ ಹೇಳುತ್ತಾ ಹೋಗುವ ಸಂಕಟ ಬೇಡ ಅಂತ ಹಿಂದಿನವರು ಬಾಯಿ ಕಟ್ಟಿರಬಹುದು. ಆದರೆ ನೀವು ಆ ಗಡಿ ದಾಟಿದ್ದೀರಿ. ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ, ಊರಿಗೆಲ್ಲ ಡಂಗುರವೂ ಬೇಡ. ನೆಗೆಣ್ಣಿ, ಕೆಲಸದ ಜಾಗದಲ್ಲಿ ಒಬ್ಬರು, ನಿಮ್ಮ ವಾರದ ಆಸುಪಾಸಿನ ಇಬ್ಬರು ಬಸುರಿಯರು, ಇಷ್ಟು ಸಾಕು. ಹಾಗೆ ನೋಡಿದರೆ ಸೀಗಿ ಹುಣ್ಣಿಮೆಗೆ ಹೊಲವೇ ಬಸುರಿ ಅಂತ ಬುತ್ತಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಬಯಕೆ ಉಣಿಸುವ ಸೀಮೆ ನಮ್ಮದು. ಅಲ್ಲಿ ಯಾರೂ ಕಣ್ಣು ಬೀಳತೈತಿ ಅಂತ ಹೊಲಕ್ಕೆ ಚಾದರ ಹೊದಿಸುವುದಿಲ್ಲ.

ಜೊತೆಯವರನ್ನು ಎಲ್ಲಿ ಹುಡುಕುವುದು ಅಂದರೆ, ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮೇಲಿನ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ, 2016ರಿಂದ ನಡೆದಿದೆ. ಅಂದು ಸಾಲಿನಲ್ಲಿ ಕೂತವರೆಲ್ಲ ನಿಮ್ಮಂಥವರೇ. ತಾಯಿ ಕಾರ್ಡ್ ಮರೆಯಬೇಡಿ.

ಕೆಲವು ಸಂಗತಿಗಳನ್ನು ಮಾತ್ರ ಗೆಳತಿಯನ್ನು ಕೇಳುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ರಕ್ತ, ಒಂದು ಹನಿಯಾದರೂ ಸರಿ. ಕೆಳಗಿನಿಂದ ನೀರು ಹೋದರೆ, ಜ್ವರ ಬಂದರೆ, ಬಿಟ್ಟು ಬಿಟ್ಟು ಹಿಂಡುವಂಥ ನೋವಿದ್ದರೆ, ಉಚ್ಚೆಯಲ್ಲಿ ಉರಿ ಇದ್ದರೆ, ನಿಂತಿದ್ದ ವಾಂತಿ ಮತ್ತೆ ಜೋರಾಗಿ ಬಂದು ನೀರೂ ನಿಲ್ಲದಿದ್ದರೆ. ಈ ವೇಳೆಯಲ್ಲಿ ‘ನನಗೂ ಆಗಿತ್ತು, ಏನೂ ಆಗಲ್ಲ’ ಅನ್ನುವ ಮಾತು ಬಹಳ ಅಪಾಯದ್ದು. ಹೇಳಿದವಳ ಮನಸ್ಸು ಒಳ್ಳೆಯದೇ ಇರುತ್ತದೆ, ಆದರೆ ಅವಳು ನಿಮ್ಮ ಹೊಟ್ಟೆ ನೋಡಿಲ್ಲ.

ಮುಂದಿನ ದೊಡ್ಡ ದಿನ ನಿಮ್ಮ 18ರಿಂದ 20ನೇ ವಾರದ ಸ್ಕ್ಯಾನ್. ಕೂಸಿನ ಅಂಗಾಂಗ ಒಂದೊಂದಾಗಿ ನೋಡುವ ಸ್ಕ್ಯಾನ್ ಅದು. ಮಾಸು ಎಲ್ಲಿದೆ ಅಂತ ಆಗ ಕೇಳಿ ತಿಳಿದುಕೊಳ್ಳಿ. ಮುಂದಿದ್ದರೆ ಮಿಸುಕಾಟ ತಡವಾದದ್ದಕ್ಕೆ ಕಾರಣ ಸಿಕ್ಕಂತೆ. ಮೊದಲ ‘ಟಪ್’ ಯಾವ ದಿನ ಗೊತ್ತಾಯಿತೋ ಆ ತಾರೀಖನ್ನು ತಾಯಿ ಕಾರ್ಡಿನ ಮೂಲೆಯಲ್ಲಿ ಬರೆದಿಡಿ.

ಚಿಗರಿ ಬಸ್ಸು: ಹೋಗಬಹುದು. ನಿಲ್ಲುವುದರಿಂದ ಕೂಸಿಗೆ ಏನೂ ಆಗುವುದಿಲ್ಲ. ಆದರೆ ಈ ತಿಂಗಳುಗಳಲ್ಲಿ ನಿಮ್ಮ ಬಿಪಿ ಸ್ವಲ್ಪ ಇಳಿದಿರುತ್ತದೆ, ಬಹಳ ಹೊತ್ತು ನಿಂತರೆ ಕಣ್ಣು ಕತ್ತಲೆ ಬರಬಹುದು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೊರಡಬೇಡಿ. ಚೀಲದಲ್ಲಿ ನೀರು, ಒಂದು ಶೇಂಗಾ ಉಂಡಿ ಇರಲಿ. ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ತಲೆ ತಿರುಗಿದ ಹಾಗೆ ಅನಿಸಿದರೆ ನಾಚಿಕೆ ಬಿಟ್ಟು ಅಲ್ಲೇ ಕೆಳಗೆ ಕೂತುಬಿಡಿ. ಇನ್ನೂ ಹೊಟ್ಟೆ ಕಾಣದ ಬಸುರಿಗೆ ಯಾರೂ ತಾವಾಗಿ ಎದ್ದು ಸೀಟು ಕೊಡುವುದಿಲ್ಲ. ‘ನಾನು ಬಸರಿ ಅದೀನ್ರಿ, ಚೂರು ಕುಂದರಲಿಕ್ಕೆ ಜಾಗಾ ಕೊಡ್ರಿ’ ಅಂತ ನೀವೇ ಕೇಳಬೇಕು. ಬಸ್ಸಿನವರಿಗೆಲ್ಲ ಹೇಳಿದ್ದು ಅತ್ತೆಗೆ ಗೊತ್ತಾಗಬೇಕಿಲ್ಲ.